ಸೈಕ್ಲಮೆನ್ ಎಲೆ ಹಳದಿಯಾಗಿ ಬೀಳುತ್ತಿದೆ, ಮಳೆಗಾಲ ದಾಟಿಸುವುದು ಹೇಗೆ?

ಪ್ರಶ್ನೆ, ಶಿವಮೊಗ್ಗ ಪೇಟೆಯಿಂದ:
ಡಿಸೆಂಬರಿನಲ್ಲಿ ಮನೆಗೆ ತಂದ ಸೈಕ್ಲಮೆನ್, ಚಳಿಗಾಲದಲ್ಲಿ ಹೂ ಬಿಡುವ ಗಡ್ಡೆಯ ಗಿಡ. ಈಗ ಫೆಬ್ರವರಿ ಕೊನೆ. ಹೂವು ನಿಂತಿದೆ, ಹೊರಸುತ್ತಿನ ಎಲೆಗಳು ಒಂದೊಂದೇ ಹಳದಿಯಾಗುತ್ತಿವೆ. ನೀರು ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯುತ್ತಿಲ್ಲ. ಗಿಡ ಸಾಯುತ್ತಿದೆಯೇ? ಮುಂದಿನ ಚಳಿಗೆ ಮತ್ತೆ ಹೂ ಬಿಡುತ್ತದೆಯೇ? ಬೆಳೆಸಿ ಗೊತ್ತಿರುವವರು ದಯವಿಟ್ಟು ಹೇಳಿ.

ಸಾಗರದಿಂದ:
ಎಲೆ ನೋಡಿ ತೀರ್ಮಾನಕ್ಕೆ ಬರಬೇಡಿ, ಗಡ್ಡೆ ಮುಟ್ಟಿ ನೋಡಿ. ಮಣ್ಣಿನಿಂದ ಮೇಲೆ ಕಾಣುವ ಕಂದು ಗಡ್ಡೆಯನ್ನು ಹೆಬ್ಬೆರಳಿನಿಂದ ಒತ್ತಿ. ಎಲ್ಲ ಕಡೆ ಗಟ್ಟಿಯಾಗಿದ್ದರೆ ಹೆದರಬೇಕಿಲ್ಲ, ಗಿಡ ಬೇಸಿಗೆಯ ನಿದ್ದೆಗೆ ಸಿದ್ಧವಾಗುತ್ತಿದೆ. ಎಲ್ಲಾದರೂ ಬೆರಳು ಒಳಗೆ ಹೋದರೆ, ಕೆಟ್ಟ ವಾಸನೆ ಬಂದರೆ ಅದು ಕೊಳೆ. ಆ ಗಡ್ಡೆ ಉಳಿಯುವುದು ಅಪರೂಪ.

ಇನ್ನೂ ಕೆಲವು ಗುರುತುಗಳಿವೆ. ಎಲೆಯೆಲ್ಲ ಜೋತುಬಿದ್ದು ಕುಂಡ ಎತ್ತಿದರೆ ಹಗುರವಾಗಿದ್ದರೆ ಬಾಯಾರಿಕೆ. ಅರ್ಧ ಕುಂಡ ಮುಳುಗುವಷ್ಟು ನೀರಿನಲ್ಲಿ ಅರ್ಧ ಗಂಟೆ ಇಡಿ, ಕೆಲವು ಗಂಟೆಗಳಲ್ಲಿ ತೊಟ್ಟುಗಳು ಎದ್ದು ನಿಲ್ಲುತ್ತವೆ. ಜೋತುಬಿದ್ದಿದೆ ಆದರೆ ಕುಂಡ ಭಾರವಿದೆ ಎಂದರೆ ಬೇರು ಕೊಳೆತಿದೆ, ಆಗ ನೀರು ಕೊಟ್ಟರೆ ಮುಗಿಯಿತು. ಒಂದೇ ಮಗ್ಗುಲಿನಿಂದ ಹಳದಿ ಹತ್ತುತ್ತಾ ಬಂದು, ಗಡ್ಡೆ ಕೊಯ್ದಾಗ ಒಳಗೆ ಕೆಂಪು ಕಂದು ಚುಕ್ಕೆಗಳ ಸಾಲು ಕಂಡರೆ ಫ್ಯುಸೇರಿಯಂ ಶಿಲೀಂಧ್ರ. ಅದಕ್ಕೆ ಮದ್ದಿಲ್ಲ. ಮಣ್ಣಿನ ಸಮೇತ ಎಸೆಯಿರಿ, ಗೊಬ್ಬರದ ಗುಂಡಿಗೆ ಹಾಕಬೇಡಿ.

ನೀವು ಬರೆದಿರುವಂತೆ ಹಳೆಯ ಎಲೆ ಹೊರಗಿನಿಂದ ಒಂದೊಂದೇ ಹೋಗುತ್ತಿದ್ದರೆ, ಅದೂ ಫೆಬ್ರವರಿಯಲ್ಲಿ, ಸೆಕೆಯೇ ಕಾರಣ. ಈ ಗಿಡಕ್ಕೆ ಹಗಲು 15ರಿಂದ 20 ಡಿಗ್ರಿ, ರಾತ್ರಿ 10ರಿಂದ 15 ಡಿಗ್ರಿ ಇದ್ದರೆ ಹಿತ. 25 ದಾಟಿದರೆ ಹೊಸ ಮೊಗ್ಗು ಕಡಿಮೆಯಾಗುತ್ತದೆ. ಶಿವಮೊಗ್ಗದಲ್ಲಿ ಏಪ್ರಿಲ್ ಹೊತ್ತಿಗೆ 35 ದಾಟುತ್ತದೆ, ಅಲ್ಲಿ ಎಲೆ ಉಳಿಸಿಕೊಳ್ಳಲು ಒದ್ದಾಡುವುದರಲ್ಲಿ ಅರ್ಥವಿಲ್ಲ.

ತೀರ್ಥಹಳ್ಳಿಯಿಂದ:
ಸಾಗರದವರು ಹೇಳಿದ್ದು ಸರಿ. ಆದರೆ ನಮ್ಮ ಕಡೆ ಗಡ್ಡೆ ಸಾಯುವುದು ಬೇಸಿಗೆಯಲ್ಲಲ್ಲ, ಜುಲೈನಲ್ಲಿ.

ಅಂಗಡಿಯ ಸೈಕ್ಲಮೆನ್‌ಗಳ ಮೂಲ ಟರ್ಕಿ, ಸಿರಿಯಾ, ಲೆಬನಾನ್, ಸೈಪ್ರಸ್ ಕಡೆಯ ಕಲ್ಲುಗುಡ್ಡಗಳು. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ಹಾಗಾಗಿ ಮಲಗುವ ಕಾಲದಲ್ಲಿ ನೀರು ಕಂಡ ಗಿಡವೇ ಅಲ್ಲ ಇದು. ನಮ್ಮ ಸುವರ್ಣಗಡ್ಡೆ ಮೊದಲ ಮಳೆಗೆ ಏಳುತ್ತದಲ್ಲ, ಇದು ಸರಿಯಾಗಿ ಅದರ ತಿರುವುಮುರುವು. ಮುಂಗಾರಿನ ನಾಲ್ಕು ತಿಂಗಳು ಇದು ಮಲಗಿಯೇ ಇರಬೇಕು, ಒಣಗಿಯೇ ಇರಬೇಕು. ಬಟ್ಟೆಗೆ, ಬಾಗಿಲಿಗೆ ಬೂಷ್ಟು ಹಿಡಿಯುವ ಊರಿನಲ್ಲಿ ನೀರು ಹಾಕದಿದ್ದರೂ ಕುಂಡದ ಮಣ್ಣು ಗಾಳಿಯ ತೇವ ಎಳೆದುಕೊಳ್ಳುತ್ತದೆ.

ಮಾಡಬೇಕಾದದ್ದು ಇಷ್ಟು. ಅರ್ಧದಷ್ಟು ಎಲೆ ಹಳದಿಯಾದ ಮೇಲೆ ನೀರಿನ ಅಂತರ ಹೆಚ್ಚಿಸುತ್ತಾ ಹೋಗಿ, ಕೊನೆಯ ಎಲೆ ಒಣಗಿದಾಗ ನಿಲ್ಲಿಸಿ. ಒಣಗಿದ ತೊಟ್ಟುಗಳನ್ನೆಲ್ಲ ತೆಗೆಯಿರಿ, ಒಂದು ತುಂಡೂ ಗಡ್ಡೆಯ ಮೇಲೆ ಉಳಿಯಬಾರದು. ಗಡ್ಡೆ ಕೀಳಬೇಡಿ. ದಪ್ಪ ಬೇರುಗಳು ಜೀವಂತ ಇರುತ್ತವೆ, ಕಿತ್ತಿಟ್ಟರೆ ಅವು ಸತ್ತು ಗಡ್ಡೆ ಸುಕ್ಕುತ್ತದೆ. ಮೇ ಕೊನೆಗೆ ಕುಂಡವನ್ನು ಹಾಗೇ ಮಗ್ಗುಲಾಗಿ ಮಲಗಿಸಿ ಅಡುಗೆಮನೆಯ ಅಟ್ಟದಲ್ಲಿಡಿ, ಒಲೆಯ ನೇರಕ್ಕೆ ಬೇಡ, ಒಂದು ಬದಿಗೆ. ಅಟ್ಟವಿಲ್ಲದ ಮನೆಯಲ್ಲಿ ಗಾಳಿಯಾಡುವ ಕೋಣೆಯ ಕಪಾಟಿನ ಮೇಲೆ ಇಡಬಹುದು. ಪ್ಲಾಸ್ಟಿಕ್ ಕವರ್ ಮಾತ್ರ ಸುತ್ತಬೇಡಿ. ಹದಿನೈದು ದಿನಕ್ಕೊಮ್ಮೆ ಒತ್ತಿ ನೋಡಿ. ಬಿಳಿ ಬೂಷ್ಟು ಕಂಡರೆ ಒಣ ಬಟ್ಟೆಯಲ್ಲಿ ಒರೆಸಿ ಗಂಧಕದ ಪುಡಿ ಸವರಿ. ಅಡಿಕೆಗೆಂದು ಮಾಡಿಟ್ಟ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಹೊಡೆಯುವ ಯೋಚನೆ ಬೇಡ, ಗಡ್ಡೆಯೊಳಗಿನ ಕೊಳೆಗೆ ಅದು ಮುಟ್ಟುವುದಿಲ್ಲ, ಮೇಲಾಗಿ ಒದ್ದೆ.

ಶಿವಮೊಗ್ಗ, ಇನ್ನೊಬ್ಬರು:
ಪೂರ್ತಿ ನೀರು ನಿಲ್ಲಿಸುವುದಕ್ಕೆ ಪೇಟೆಯ ಮಟ್ಟಿಗೆ ಒಂದು ತಿದ್ದುಪಡಿ. ಏಪ್ರಿಲ್, ಮೇನಲ್ಲಿ ಆರ್‌ಸಿಸಿ ಮನೆಯ ಮೇಲಂತಸ್ತಿನಲ್ಲಿ ಗಡ್ಡೆ ಸುಕ್ಕಿಹೋಗುತ್ತದೆ. ಮೂರು ವಾರಕ್ಕೊಮ್ಮೆ ಕುಂಡದ ಅಂಚಿನಲ್ಲಿ ಎರಡು ಮೂರು ಚಮಚ ನೀರು ಬಿಡಿ. ಮೊದಲ ಮಳೆ ಬಿದ್ದ ಮೇಲೆ ಅದೂ ಬೇಡ.

ಹೂವಿನ ಕಾಲಕ್ಕೂ ಒಂದು ಮಾತು. ನಮ್ಮಲ್ಲಿ ಡಿಸೆಂಬರ್, ಜನವರಿಯ ಹಗಲೂ 30 ಡಿಗ್ರಿ ಮುಟ್ಟುತ್ತದೆ, ಆದರೆ ರಾತ್ರಿ 15ರ ಆಸುಪಾಸಿಗೆ ಇಳಿಯುತ್ತದೆ. ಹಗಲು ಪೂರ್ವದ ಅಥವಾ ಉತ್ತರದ ಕಿಟಕಿಯ ಬಳಿ, ರಾತ್ರಿ ಹೊರಗೆ ಸೂರಿನಡಿ ಇಬ್ಬನಿ ಬೀಳದ ಜಾಗದಲ್ಲಿ ಇಟ್ಟರೆ ಹೂವು ಹೆಚ್ಚು ದಿನ ನಿಲ್ಲುತ್ತದೆ. ಟಿವಿ ಪಕ್ಕ, ಫ್ಯಾನಿನ ಕೆಳಗೆ ಇಟ್ಟರೆ ಮೊಗ್ಗು ಎಲೆಯಡಿಯಲ್ಲೇ ಒಣಗುತ್ತದೆ.

ಚಿಕ್ಕಮಗಳೂರು ಗಿರಿ ಕಡೆಯಿಂದ:
ನೀರು ಕೊಡುವ ರೀತಿಯನ್ನು ಯಾರೂ ಬಿಡಿಸಿ ಹೇಳಲಿಲ್ಲ. ಗಡ್ಡೆಯ ನೆತ್ತಿಯಲ್ಲಿ ಪುಟ್ಟ ಮೊಗ್ಗು, ಎಳೆ ಎಲೆ ಒತ್ತಾಗಿ ಕೂತಿರುತ್ತವೆ. ಅಲ್ಲಿ ನೀರು ನಿಂತರೆ ಬೂದು ಬೂಷ್ಟು ಖಂಡಿತ. ತಟ್ಟೆಯಲ್ಲಿ ಎರಡು ಸೆಂಟಿಮೀಟರ್ ನೀರು ಹಾಕಿ ಕುಂಡ ಇಡಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಉಳಿದದ್ದನ್ನು ಚೆಲ್ಲಿ. ಮೇಲ್ಮಣ್ಣು ಒಣಗಿದ ಮೇಲೇ ಮತ್ತೆ.

ಬಾಡಿದ ಹೂವನ್ನು ಕತ್ತರಿಸಬೇಡಿ. ತೊಟ್ಟನ್ನು ಬುಡದ ಹತ್ತಿರ ಎರಡು ಬೆರಳಲ್ಲಿ ಹಿಡಿದು ಅರ್ಧ ಸುತ್ತು ತಿರುಚಿ ಚಕ್ಕನೆ ಎಳೆಯಿರಿ. ಗಡ್ಡೆಯಿಂದ ಪೂರ್ತಿ ಬಿಡಿಸಿಕೊಂಡು ಬರುತ್ತದೆ. ಕತ್ತರಿಸಿದರೆ ಉಳಿದ ಮೋಟು ಕೊಳೆತು, ಆ ಕೊಳೆ ಗಡ್ಡೆಗೆ ಇಳಿಯುತ್ತದೆ. ಸುಲಭಕ್ಕೆ ಬರದಿದ್ದರೆ ಎರಡು ದಿನ ಬಿಟ್ಟು ನೋಡಿ, ಜಗ್ಗಿದರೆ ಗಡ್ಡೆಯ ಚರ್ಮ ಕಿತ್ತುಬರುತ್ತದೆ.

ಎಳೆ ಎಲೆ ದಪ್ಪಗಾಗಿ ಒಳಕ್ಕೆ ಸುರುಳಿಯಾಗಿ, ಮೊಗ್ಗು ಸೊಟ್ಟಗಾಗಿ ಬಿರಿಯದೆ ನಿಂತರೆ ಸೈಕ್ಲಮೆನ್ ನುಸಿ. ಕಣ್ಣಿಗೆ ಕಾಣುವುದಿಲ್ಲ. ಆ ಕುಂಡವನ್ನು ಬೇರೆ ಗಿಡಗಳಿಂದ ದೂರ ಮಾಡಿ, ಒಂದೇ ಕುಂಡವಿದ್ದರೆ ಎಸೆಯುವುದೇ ಮೇಲು.

ನಮ್ಮ ಎತ್ತರದಲ್ಲಿ ಕೆಲವು ಗಿಡ ಪೂರ್ತಿ ಮಲಗುವುದಿಲ್ಲ, ನಾಲ್ಕಾರು ಎಲೆ ಉಳಿಸಿಕೊಳ್ಳುತ್ತದೆ. ಹಸಿರೆಲೆ ಇರುವವರೆಗೆ ಸ್ವಲ್ಪ ಸ್ವಲ್ಪ ನೀರು ಮುಂದುವರಿಸಿ, ಒತ್ತಾಯಕ್ಕೆ ಮಲಗಿಸಬೇಡಿ.

ತೀರ್ಥಹಳ್ಳಿಯಿಂದ ಮತ್ತೆ:
ಎಬ್ಬಿಸುವುದು ಮಳೆ ಕಡಿಮೆಯಾದ ಮೇಲೆ, ಸೆಪ್ಟೆಂಬರ್ ಕೊನೆ ಇಲ್ಲವೇ ಅಕ್ಟೋಬರ್. ಕುಂಡ ಬದಲಿಸಲು ಇದೇ ಸಮಯ. ಗಡ್ಡೆಯ ಸುತ್ತ ಮೂರು ಸೆಂಟಿಮೀಟರ್ ಜಾಗ ಸಾಕು, ದೊಡ್ಡ ಕುಂಡದಲ್ಲಿ ಮಣ್ಣು ಆರುವುದಿಲ್ಲ. ತೊಳೆದ ತೆಂಗಿನ ನಾರಿನ ಪುಡಿ ಎರಡು ಪಾಲು, ಎರೆಗೊಬ್ಬರ ಒಂದು ಪಾಲು, ದಪ್ಪ ಮರಳು ಅಥವಾ ಉಮಿಕರಿ ಒಂದು ಪಾಲು. ಮನೆ ಹಿಂದಿನ ಕೆಂಪು ಜಂಬಿಟ್ಟಿಗೆ ಮಣ್ಣು ಬೇಡ, ನೀರು ಹಿಡಿದು ಗಟ್ಟಿಯಾಗುತ್ತದೆ. ಗಡ್ಡೆಯ ಮೇಲಿನ ಮೂರನೇ ಒಂದು ಭಾಗ ಹೊರಗಿರಲಿ. ಮೊದಲ ಸಲ ಅಂಚಿನಲ್ಲಿ ಅರ್ಧ ಲೋಟ ನೀರು, ಆಮೇಲೆ ಚಿಗುರು ಕಾಣುವವರೆಗೆ ಮಣ್ಣು ಬರಿ ಹಸಿಯಾಗಿದ್ದರೆ ಸಾಕು.

ಎಲೆ ಬಂದ ಮೇಲೆ ಹದಿನೈದು ದಿನಕ್ಕೊಮ್ಮೆ ಲೀಟರಿಗೆ ಒಂದು ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ, ನೀರಲ್ಲಿ ಕರಗುವ ಗೊಬ್ಬರ). ಮೊಗ್ಗು ಕಂಡಮೇಲೆ ಅದೇ ಅಳತೆಯಲ್ಲಿ ಪೊಟ್ಯಾಷ್ ಹೆಚ್ಚಿರುವ 13:0:45. ಸಾರಜನಕ ಹೆಚ್ಚಾದರೆ ಎಲೆ ದಟ್ಟವಾಗಿ ಹೂವು ಅದರಡಿ ಅಡಗುತ್ತದೆ.

ಪ್ರಶ್ನೆ ಕೇಳಿದವರು:
ಒತ್ತಿ ನೋಡಿದೆ, ಗಡ್ಡೆ ಗಟ್ಟಿಯಿದೆ. ಎಲ್ಲರಿಗೂ ಧನ್ಯವಾದ. ಎರಡು ಹೋಳು ಮಾಡಿ ಎರಡು ಗಿಡ ಮಾಡಬಹುದೇ? ಮನೆಯಲ್ಲಿ ಬೆಕ್ಕಿದೆ, ತೊಂದರೆಯೇ?

ಸಾಗರದಿಂದ:
ಬೆಕ್ಕು, ನಾಯಿಗೆ ಇದು ವಿಷ. ಗಡ್ಡೆಯಲ್ಲಿ ಸಪೋನಿನ್ ಎಂಬ ವಿಷದ ಅಂಶ ಹೆಚ್ಚು, ತಿಂದರೆ ಜೊಲ್ಲು, ವಾಂತಿ, ಭೇದಿ. ಎಟುಕದ ಎತ್ತರದಲ್ಲಿಡಿ, ಅಗೆದು ಕಚ್ಚಿದ್ದು ಕಂಡರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಿರಿ.

ಹೋಳು ಮಾಡಬೇಡಿ, ಇದು ಮರಿಗಡ್ಡೆ ಕೊಡುವ ಜಾತಿಯೂ ಅಲ್ಲ. ಹೊಸ ಗಿಡಕ್ಕೆ ಬೀಜವೇ ದಾರಿ. ಒಂದು ದಿನ ನೀರಲ್ಲಿ ನೆನೆಸಿ ಅಕ್ಟೋಬರ್, ನವೆಂಬರಿನಲ್ಲಿ ಅರ್ಧ ಸೆಂಟಿಮೀಟರ್ ಆಳಕ್ಕೆ ಬಿತ್ತಿ ಪೂರ್ತಿ ಕತ್ತಲಲ್ಲಿಡಿ. ಬೆಳಕು ಬಿದ್ದರೆ ಮೊಳೆಯುವುದಿಲ್ಲ. 15ರಿಂದ 18 ಡಿಗ್ರಿಯಲ್ಲಿ ನಾಲ್ಕರಿಂದ ಆರು ವಾರ ಬೇಕು, ಮೊಳೆತ ಕೂಡಲೇ ಬೆಳಕಿಗೆ ತನ್ನಿ. ಹೂವಿಗೆ ಒಂದರಿಂದ ಒಂದೂವರೆ ವರ್ಷ. ಮೊದಲ ಬೇಸಿಗೆಯಲ್ಲಿ ಸಸಿಗಳನ್ನು ಮಲಗಲು ಬಿಡದೆ ನೀರು ಕೊಡುತ್ತಲೇ ಇರಬೇಕು, ಶಿವಮೊಗ್ಗದ ಸೆಕೆಯಲ್ಲಿ ಅದು ಕಷ್ಟ. ಗಿರಿ ಕಡೆ ನೆಂಟರಿದ್ದರೆ ಮಾರ್ಚಿನಿಂದ ಮೇವರೆಗೆ ಟ್ರೇಯನ್ನು ಅವರ ಮನೆಯಲ್ಲಿಡಿ.