ಬೆಂಗಳೂರು ನೀಲಿ ವೈನ್ 8 ಬ್ರಿಕ್ಸ್‌ಗೆ ನಿಂತುಬಿಟ್ಟದ, ಮುಂದ ಹೋಗವಲ್ದು

ಸಾಧನಕೇರಿ_ಮನಿ:
ಸಾಕಾಗಿ ಹೋಗ್ಯದ್ರಿ. ಬೆಂಗಳೂರು ನೀಲಿ ದ್ರಾಕ್ಷಿ ಕಿವುಚಿ, ಸಕ್ರಿ ಹಾಕಿ 22 ಬ್ರಿಕ್ಸ್‌ಗೆ (ರಸದಾಗ ಸಕ್ರಿ ಎಷ್ಟದ ಅನ್ನೋ ಅಳತಿ) ತಂದು ವೈನ್ ಯೀಸ್ಟ್ ಬಿಟ್ಟಿದ್ದೆ. ಮೊದಲಿಗೆ ಸಿಪ್ಪಿ ಉಕ್ಕಿ ಉಕ್ಕಿ ಮ್ಯಾಲೆ ಬರ್ತಿತ್ತು. ಈಗ 8ಕ್ಕ ಬಂದು ಕೂತದ. ಮತ್ತ ಯೀಸ್ಟ್ ಹಾಕಿದೆ, ಕದಡಿದೆ, ಏನೂ ಇಲ್ಲ. ಎಲ್ಲಾ ಚೆಲ್ಲಬೇಕೇನು?

ಗದಗ_ಬುರುಜು:
ಸೆಕಿರಿ, ಮತ್ತೇನಲ್ಲ. 35 ಡಿಗ್ರಿ ದಾಟಿದ್ರ ಯೀಸ್ಟ್ ಸೋಲ್ತೈತಿ. ಹಸಿ ಗೋಣಿಚೀಲ ಸುತ್ರಿ.

ಸಾಧನಕೇರಿ_ಮನಿ:
ಹೆಂಚಿನ ಮನಿ, ನಡುಮನ್ಯಾಗ ನೆಲದ ಮ್ಯಾಲೆ ಇಟ್ಟೀನಿ. ತಂಪಽ ಇರ್ತದ.

ಗದಗ_ಬುರುಜು:
ಕೋಣಿ ತಂಪಿದ್ರ ಏನಾತು? ಹುದುಗೋವಾಗ ರಸ ತಾನಽ ಕಾಯ್ತೈತಿ. ಸಿಪ್ಪಿ ಕೆಳಗ ಥರ್ಮಾಮೀಟರ್ ಇಳಿಬಿಟ್ಟು ನೋಡ್ರಿ, ಆಮ್ಯಾಲೆ ಮಾತಾಡೋಣು.

ಹುಬ್ಬಳ್ಳಿ_ಪೀಪಾಯಿ:
ದ್ರಾಕ್ಷಿನಽ ಸರಿ ಇಲ್ಲ. ಹುಳಿ ಜಾಸ್ತಿ, ಸಕ್ರಿ ಕಡಿಮಿ. ದೇಸಿ ಅಂತಾರ, ಅಮೆರಿಕದ ಲಬ್ರುಸ್ಕಾ ಬಳಗದ್ದು ಅದು. ದೇಸಿ ತಳಿ ಅಂದ್ರ ಜಾರ್ಜಿಯಾ ದೇಶದ ಸಪೆರಾವಿ, ತಿರುಳೂ ಕೆಂಪು! ನೆಲದಾಗ ಹೂತ ಮಣ್ಣಿನ ಕ್ವೆವ್ರಿಯೊಳಗ ವೈನ್ ಮಾಡ್ತಾರ ಅಲ್ಲಿ. ಆ ಪದ್ಧತಿ 2013ರಾಗ ಯುನೆಸ್ಕೊ ಪಟ್ಟಿ ಸೇರೈತಿ. ನಾನೂ ಹಿತ್ತಲದಾಗ ಹರವಿ ಹೂತು, ಒಳಗ ಜೇನುಮೇಣ ಸವರೀನಿ.

ಹಾವೇರಿ_ಅಕ್ಕ:
ಅಣ್ಣಾರ, ಅದಽ 2013ರಾಗ ಬೆಂಗಳೂರು ನೀಲಿಗೂ ಭೌಗೋಳಿಕ ಗುರುತು (ಜಿಐ) ಸಿಕ್ಕೈತಿ. ನೂರು ವರ್ಷದ ಮ್ಯಾಲೆ ನಮ್ಮ ರೈತರು ಬೆಳದ ಹಣ್ಣನ್ನ ಹಿಂಗ ತಗದುಹಾಕಬ್ಯಾಡ್ರಿ. ಸಾಧನಕೇರಿಯವರ, ಬ್ರಿಕ್ಸ್ ಯಾತರಾಗ ನೋಡಿದ್ರಿ?

ಸಾಧನಕೇರಿ_ಮನಿ:
ರಿಫ್ರ್ಯಾಕ್ಟೋಮೀಟರ್‌ನಾಗರಿ. ಇನ್ಯಾತರಾಗ ನೋಡ್ತಾರ?

ಹಾವೇರಿ_ಅಕ್ಕ:
ಹಂಗಾರ ಒಂದು ಹನಿನೂ ಚೆಲ್ಲಬ್ಯಾಡ್ರಿ. ಅದು ರಸ ಬೆಳಕನ್ನ ಎಷ್ಟು ಬಾಗಸ್ತೈತಿ ಅನ್ನೋದರ ಮ್ಯಾಲೆ ಸಕ್ರಿ ಲೆಕ್ಕ ಹೇಳ್ತೈತಿ. ಆಲ್ಕೋಹಾಲ್ ಕೂಡಾ ಬೆಳಕನ್ನ ನೀರಿಗಿಂತ ಹೆಚ್ಚು ಬಾಗಸ್ತೈತಿ. ಅದಕ್ಕಽ 22ರಿಂದ ಶುರು ಮಾಡಿದ ವೈನ್, ಸಕ್ರಿ ಪೂರಾ ತೀರಿದ ಮ್ಯಾಲೂ 8ರ ಆಸುಪಾಸು ತೋರಸ್ತೈತಿ. ರಸದಾಗ ತೇಲಿ ಸಾಂದ್ರತೆ ಹೇಳೋ ಹೈಡ್ರೋಮೀಟರ್ ಬಿಟ್ಟು ನೋಡ್ರಿ. ನೀರಿನ 1.000ದ ಕೆಳಗ ಇಳದಿದ್ರ ಮುಗದೈತಿ ಅಂತ. ನಾಲಿಗಿಗೆ ಸಿಹಿ ಹತ್ತತೈತೇನು?

ಸಾಧನಕೇರಿ_ಮನಿ:
ಸಿಹಿ ಸುಳುವೂ ಇಲ್ಲ. ಹುಳಿ, ಒಗರು.

ಗದಗ_ಬುರುಜು:
ಆದ್ರೂ ಒಮ್ಮೆ ಬಿಸಿ ನೋಡ್ರಿ.

ಹಾವೇರಿ_ಅಕ್ಕ:
ಬಿಸಿ ಮಾತು ಖರೆ, ಆದ್ರ ಇಲ್ಲಿ ಅದಲ್ಲ. ಸಿಪ್ಪಿ ಹಿಂಡಿ ತಗದು, ವೈನನ್ನ ಗಾಜಿನ ಜಾಡಿಗೆ ಕಂಠಮಟ ತುಂಬಿ ಏರ್‌ಲಾಕ್ (ಒಳಗಿನ ಗಾಳಿ ಹೊರಗ ಬಿಟ್ಟು, ಹೊರಗಿಂದು ತಡಿಯೋ ಮುಚ್ಚಳ) ಹಾಕ್ರಿ. ಗುಳ್ಳಿ ನಿಂತ ಮ್ಯಾಲೆ ಗಾಳಿ ತಡಿಯೋರು ಯಾರೂ ಇರೂದಿಲ್ಲ, ತಡಾ ಮಾಡಿದ್ರ ವಿನೆಗರ್ ಆಗ್ತೈತಿ.

ಸಾಧನಕೇರಿ_ಮನಿ:
ಗೆಳೆಯನ ಕಡೆ ಹೈಡ್ರೋಮೀಟರ್ ತಂದೆ. 0.996! ಅಕ್ಕಾರ, ಭಾಳ ಉಪಕಾರ ಆತ್ರಿ. ಈಗಽ ಜಾಡಿ ತೊಳಿಯಾಕತ್ತೀನಿ.

ಗದಗ_ಬುರುಜು:
ಪೀಪಾಯಿಯವರ, ಜೇನುಮೇಣ ಎಷ್ಟು ದಪ್ಪ ಸವರೀರಿ?

ಹುಬ್ಬಳ್ಳಿ_ಪೀಪಾಯಿ:
ದಪ್ಪ ಬ್ಯಾಡ್ರಿ. ಹರವಿ ಕಾಯಿಸಿ ಸವರಬೇಕು, ಮಣ್ಣು ಹೀರ್ಕೊಳ್ಳೋವಷ್ಟಽ. ಫೋಟೋ ಬ್ಯಾರೆ ಚರ್ಚೆದಾಗ ಹಾಕ್ತೀನಿ.