‘ಲಂಬ ಭೂಸ್ಪರ್ಶ’ಕ್ಕೆ ಕನ್ನಡದಲ್ಲಿ ಏನೆನ್ನುವುದು?

ಕುಂಬಳೆಯಿಂದ ಪ್ರಶ್ನೆ

ಮಾನ್ಯರೇ, ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರ ವಿಜ್ಞಾನ ಮೇಳಕ್ಕಾಗಿ, ಮೇಲೇರಿ ಮರಳಿ ಬಂದು ನಿಲ್ಲುವ ರಾಕೆಟ್ಟುಗಳ ಪರೀಕ್ಷೆಗಳ ಕುರಿತು ಫಲಕಗಳನ್ನು ಸಿದ್ಧಪಡಿಸುತ್ತಿದ್ದೇವೆ. ಸೋಮವಾರ ಬೆಳಗ್ಗೆ ಅವು ಮುದ್ರಣಕ್ಕೆ ಹೋಗಬೇಕು. ಮಲಯಾಳದ ಮೂಲಪಠ್ಯದಲ್ಲಿದ್ದ ‘ವಿಕ್ಷೇಪಣ’, ‘ಪರೀಕ್ಷಣ’, ‘ಪುನರುಪಯೋಗ’ ಎಂಬ ಪದಗಳು ನಮ್ಮ ಕರಡಿನಲ್ಲಿಯೂ ಹಾಗೆಯೇ ಉಳಿದುಬಿಟ್ಟಿವೆ. ಅವುಗಳನ್ನು ತಿದ್ದಬೇಕು, ಜತೆಗೆ, ಕೆಲವು ನೂರು ಮೀಟರ್ ಮಾತ್ರ ಏರಿ ಇಳಿಯುವ ಹಾರಾಟಕ್ಕೆ ಒಂದು ಹೆಸರೂ ಬೇಕು. ಎಲ್ಲಕ್ಕಿಂತ ತೊಡಕಾಗಿರುವುದು ಈ ವಾಕ್ಯ: “2025ರ ಜೂನ್ 17ರಂದು ಜಪಾನಿನ ಹೊಕ್ಕೈಡೊದ ತೈಕಿಯಲ್ಲಿ ಹೋಂಡಾ ಸಂಸ್ಥೆಯ 6.3 ಮೀಟರ್ ಉದ್ದದ ರಾಕೆಟ್ 271.4 ಮೀಟರ್ ಎತ್ತರಕ್ಕೇರಿ, ಗುರಿಯಿಂದ 37 ಸೆಂಟಿಮೀಟರ್ ಅಂತರದಲ್ಲಿ ಲಂಬ ಭೂಸ್ಪರ್ಶ ಮಾಡಿತು.” ಇದರ ಕೊನೆಯ ಭಾಗ ಕಿವಿಗೆ ಸರಿಹೋಗುತ್ತಿಲ್ಲ. ತಿಳಿದವರು ಸೂಚಿಸಬೇಕು.

ಬದಿಯಡ್ಕದಿಂದ

‘ಲಂಬ ಭೂಸ್ಪರ್ಶ’ವನ್ನು ಕೈಬಿಡಿ. ಮಕ್ಕಳು ಅದನ್ನು ಬಾಯಿಪಾಠ ಮಾಡಿಯಾರೇ ಹೊರತು ಅರ್ಥ ಮಾಡಿಕೊಳ್ಳಲಾರರು. ‘ಪುನರುಪಯೋಗ’ದ ಬದಲು ‘ಪುನರ್ಬಳಕೆ’ ಎಂದು ತಿದ್ದುವವರು ಬರಬಹುದು. ಅದು ಅರಿಸಮಾಸ, ಚರ್ಚೆಗೇ ಅರ್ಹವಲ್ಲ.

ನಮ್ಮಲ್ಲಿ ‘ಎರಗು’ ಎಂಬ ಧಾತುವಿದೆ. ಹಳಗನ್ನಡದಲ್ಲಿ ಶಕಟರೇಫದೊಡನೆ ‘ಎಱಗು’. ಹಕ್ಕಿ ಕೊಂಬೆಯ ಮೇಲೆ ಬಂದು ಕೂರುವುದಕ್ಕೂ, ಬಾಗಿ ನಮಸ್ಕರಿಸುವುದಕ್ಕೂ ಅದೇ ಕ್ರಿಯಾಪದ. ಮಲಯಾಳದ ‘ಇರಙ್ಙು’, ತಮಿಳಿನ ‘ಇಱಂಗು’ ಇದರ ಒಡಹುಟ್ಟುಗಳೆಂಬುದು ನನ್ನ ದೃಢವಾದ ಅಭಿಪ್ರಾಯ. ನೆರೆಯವರು ಬಸ್ಸಿನಿಂದ ಇಳಿಯುವಾಗಲೂ ತಮ್ಮ ಪದವನ್ನು ಬಳಸುತ್ತಿದ್ದಾರೆ. ನಾವು ನಮ್ಮದನ್ನು ನಿಘಂಟಿನಲ್ಲಿಟ್ಟು ಸಂಸ್ಕೃತಕ್ಕೆ ಕೈಚಾಚಿದ್ದೇವೆ. ‘ಎರಗುವ ಬಾಣ’, ಅದು ಬಂದು ನಿಲ್ಲುವ ಜಾಗ ‘ಎರಗುದಾಣ’. ‘ರಾಕೆಟ್’ ಎಂಬುದೂ ಬೇಡ. ‘ಬಾಣಬಿರುಸು’ ಎಂದು ಹೇಳುತ್ತ ಬಂದವರಿಗೆ ಬಾಣವೇ ಸಾಕು.

ಮಂಜೇಶ್ವರದಿಂದ

‘ಎರಗು’ ಸಲ್ಲದು. ಇಂದಿನ ಓದುಗರಿಗೆ ‘ಸಿಡಿಲೆರಗಿತು’, ‘ಹುಲಿ ಮೇಲೆರಗಿತು’ ಎಂಬವೇ ಮೊದಲು ನೆನಪಾಗುತ್ತವೆ. ರಾಕೆಟ್ ನೆಲಕ್ಕೆರಗಿತು ಎಂದು ಬರೆದರೆ ಅಪ್ಪಳಿಸಿತೆಂದೇ ತಿಳಿಯುತ್ತಾರೆ, ಮತ್ತು ಈ ಪರೀಕ್ಷೆಗಳಲ್ಲಿ ಅಪ್ಪಳಿಸುವುದಕ್ಕೂ ಇಳಿಯುವುದಕ್ಕೂ ಇರುವ ಅಂತರವೇ ಎಲ್ಲಕ್ಕಿಂತ ಮುಖ್ಯವಾದದ್ದು. ಸ್ಪೇಸ್‌ಎಕ್ಸ್‌ನ ಸ್ಟಾರ್‌ಶಿಪ್ ಮಾದರಿಗಳಲ್ಲಿ ಎಸ್‌ಎನ್8 ಎಂಬುದು 2020ರ ಡಿಸೆಂಬರ್ 9ರಂದು ಸುಮಾರು 12.5 ಕಿಲೋಮೀಟರ್ ಏರಿ, ಮರಳುವಾಗ ಅಪ್ಪಳಿಸಿ ಉರಿದುಹೋಯಿತು. 2021ರ ಮಾರ್ಚ್ 3ರಂದು ಎಸ್‌ಎನ್10 ಇಳಿದು ನಿಂತು, ಕೆಲವು ನಿಮಿಷಗಳ ಬಳಿಕ ಸ್ಫೋಟಿಸಿತು. ಅದೇ ವರ್ಷ ಮೇ 5ರಂದು ಎಸ್‌ಎನ್15 ಇಳಿಯಿತು, ಉಳಿಯಿತು. ಈ ಮೂರು ಘಟನೆಗಳನ್ನು ಬೇರ್ಪಡಿಸಿ ಹೇಳಲಾಗದ ಪದದಿಂದ ಫಲಕಕ್ಕೆ ಪ್ರಯೋಜನವಿಲ್ಲ.

‘ಭೂಸ್ಪರ್ಶ’ವನ್ನು ನಾನೂ ವಿರೋಧಿಸುತ್ತೇನೆ, ಆದರೆ ಕಾರಣ ಬೇರೆ: ಅನೇಕ ಸಂದರ್ಭಗಳಲ್ಲಿ ಅದು ಸುಳ್ಳಾಗುತ್ತದೆ. ಅದೇ ಸಂಸ್ಥೆಯ ಫಾಲ್ಕನ್ 9 ರಾಕೆಟ್ಟಿನ ಮೊದಲ ಹಂತ 2015ರ ಡಿಸೆಂಬರಿನಲ್ಲಿ ಕೇಪ್ ಕೆನವರಲ್‌ನ ನೆಲದ ಮೇಲೆ ಬಂದು ನಿಂತದ್ದು ನಿಜ. 2016ರ ಏಪ್ರಿಲ್ 8ರಂದು ನಿಂತದ್ದು ಅಟ್ಲಾಂಟಿಕ್ ಸಾಗರದಲ್ಲಿ ತೇಲುತ್ತಿದ್ದ ಹಡಗುಕಟ್ಟೆಯ ಮೇಲೆ. 2024ರ ಅಕ್ಟೋಬರ್ 13ರಂದು ಟೆಕ್ಸಾಸ್‌ನಲ್ಲಿ ಸ್ಟಾರ್‌ಶಿಪ್ಪಿನ ಮೊದಲ ಹಂತವಾದ, ಸುಮಾರು 71 ಮೀಟರ್ ಎತ್ತರದ ಸೂಪರ್ ಹೆವಿ ಮರಳಿ ಬಂದಾಗ ಉಡಾವಣಾ ಗೋಪುರದ ಎರಡು ತೋಳುಗಳು ಅದನ್ನು ಗಾಳಿಯಲ್ಲೇ ಹಿಡಿದವು. ಅದು ನೆಲವನ್ನು ಮುಟ್ಟಲೇ ಇಲ್ಲ. ಅಲ್ಲದೆ ‘ಸ್ಪರ್ಶ’ ಎಂಬುದು ಕೊನೆಯ ಕ್ಷಣವನ್ನಷ್ಟೇ ಹೇಳುತ್ತದೆ. ಎಂಜಿನಿಯರುಗಳ ಶ್ರಮವೆಲ್ಲ ಇರುವುದು ಅದಕ್ಕೆ ಮುಂಚಿನ ಕೆಲವು ಸೆಕೆಂಡುಗಳಲ್ಲಿ. ಇಂಧನ ಬಹುತೇಕ ತೀರಿದ ಫಾಲ್ಕನ್ ಹಂತ ಎಷ್ಟು ಹಗುರವೆಂದರೆ, ಒಂದೇ ಎಂಜಿನನ್ನು ಅತ್ಯಂತ ಕಡಿಮೆ ಬಲದಲ್ಲಿ ಉರಿಸಿದರೂ ಆ ನೂಕುಬಲ ಅದರ ತೂಕವನ್ನು ಮೀರುತ್ತದೆ. ಹೀಗಾಗಿ ಅದು ಗಾಳಿಯಲ್ಲಿ ಒಂದೆಡೆ ತಂಗಿ, ನೋಡಿಕೊಂಡು, ನಿಧಾನವಾಗಿ ಇಳಿಯಲಾರದು; ವೇಗ ಸೊನ್ನೆಯಾಗುವ ಕ್ಷಣವೂ ಕಾಲುಗಳು ಕಟ್ಟೆಯನ್ನು ಮುಟ್ಟುವ ಕ್ಷಣವೂ ಒಂದೇ ಆಗಿರಬೇಕು. ಎಂಜಿನ್ ಬೇಗ ಉರಿದರೆ ರಾಕೆಟ್ ನೆಲಕ್ಕೆ ಮುಂಚೆಯೇ ನಿಂತು ಮತ್ತೆ ಏರತೊಡಗುತ್ತದೆ, ತಡವಾದರೆ ಅಪ್ಪಳಿಸುತ್ತದೆ. ಈ ಇಡೀ ಕ್ರಿಯೆಯನ್ನು ‘ಇಳಿ’ ಎಂಬ ಧಾತು ಒಳಗೊಳ್ಳುತ್ತದೆ. ಅದೂ ಹಳೆಯದೇ, ರೞದೊಡನೆ ‘ಇೞಿ’ ಎಂದು ಬರೆಯುತ್ತಿದ್ದರು; ವ್ಯತ್ಯಾಸವೆಂದರೆ ಅದು ಇಂದಿಗೂ ಎಲ್ಲರ ಬಾಯಲ್ಲಿದೆ.

ಇನ್ನು ‘ಲಂಬ’. ವಿಶೇಷಣ ಬೇಕೇ ಬೇಕು. ಇಸ್ರೋ ಸಂಸ್ಥೆಯ ಪುಷ್ಪಕ್ ಎಂಬ ರೆಕ್ಕೆಯುಳ್ಳ ಪರೀಕ್ಷಾ ವಾಹನ ಚಿತ್ರದುರ್ಗ ಜಿಲ್ಲೆಯಲ್ಲಿ 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23ರಂದು ಚಿನೂಕ್ ಹೆಲಿಕಾಪ್ಟರಿನಿಂದ ಸುಮಾರು 4.5 ಕಿಲೋಮೀಟರ್ ಎತ್ತರದಲ್ಲಿ ಬಿಡಲ್ಪಟ್ಟು, ವಿಮಾನದ ಹಾಗೆ ಓಡುದಾರಿಯ ಮೇಲೆ ಇಳಿಯಿತು. ಅದೂ ಮರಳಿ ಬಳಸುವುದಕ್ಕಾಗಿಯೇ ನಡೆದ ಪರೀಕ್ಷೆ, ಅದೂ ಇಳಿತವೇ, ಆದರೆ ನಿಮ್ಮ ಫಲಕದ ವಿಷಯವಲ್ಲ. ‘ನೆಟ್ಟಗೆ’ ಎಂದು ಬರೆಯಬೇಡಿ. ನಮ್ಮ ಕಡೆ ದಾರಿ ಕೇಳಿದವರಿಗೂ ‘ನೆಟ್ಟಗೆ ಹೋಗಿ’ ಎನ್ನುತ್ತೇವೆ. ‘ನಿಂತಂತೆ ಇಳಿಯುವ ರಾಕೆಟ್’ ಎಂದರೆ ಭಂಗಿ ಕಣ್ಣಿಗೆ ಕಟ್ಟುತ್ತದೆ.

ಕಿರು ಹಾರಾಟಕ್ಕೆ ‘ನೆಗೆತ’. ‘ಕುಪ್ಪಳಿಸು’ ಎಂಬುದರಲ್ಲಿ ಮುಂದೆ ಸಾಗುವ ಭಾವವಿದೆ. ಇಲ್ಲಿ ರಾಕೆಟ್ ಹೊರಟಲ್ಲಿಗೇ ಬರುತ್ತದೆ, ಹೆಚ್ಚೆಂದರೆ ಪಕ್ಕದ ಕಟ್ಟೆಗೆ. ಟೆಕ್ಸಾಸ್‌ನ ಮೆಕ್‌ಗ್ರೆಗರ್‌ನಲ್ಲಿ 2012–13ರಲ್ಲಿ ಇಂಥ ನೆಗೆತಗಳನ್ನು ನಡೆಸಿ, ಕೊನೆಗೆ 744 ಮೀಟರ್ ಏರಿದ ಪರೀಕ್ಷಾ ವಾಹನಕ್ಕೆ ಸ್ಪೇಸ್‌ಎಕ್ಸ್‌ನವರು ಇಟ್ಟ ಹೆಸರು ‘ಗ್ರಾಸ್‌ಹಾಪರ್’, ಅಂದರೆ ನಮ್ಮ ಮಿಡತೆ. ‘ಪರೀಕ್ಷಣ’ವನ್ನು ‘ಪರೀಕ್ಷಾ ಹಾರಾಟ’ ಎಂದು ತಿದ್ದಿ. ಪತ್ರಿಕೆಗಳ ‘ಪ್ರಾಯೋಗಿಕ ಹಾರಾಟ’ ಬೇಡ, ಶಾಲೆಯ ಮಕ್ಕಳಿಗೆ ‘ಪ್ರಾಯೋಗಿಕ’ ಎಂದರೆ ಪ್ರಯೋಗಾಲಯದ ಅಂಕ. ‘ವಿಕ್ಷೇಪಣ’ದ ಜಾಗದಲ್ಲಿ ‘ಉಡಾವಣೆ’ ಇರಲಿ. ‘ಬಾಣ’ ಸಂಸ್ಕೃತ, ಅದನ್ನು ಸೂಚಿಸಿದವರು ಗಮನಿಸಬೇಕು.

ಬದಿಯಡ್ಕದಿಂದ

ಬಾಣದ ವಿಷಯದಲ್ಲಿ ನಿಮ್ಮ ಮಾತು ಸರಿ. ಆದರೆ ‘ಉಡಾವಣೆ’ ಎಲ್ಲಿಯದು? ಮರಾಠಿಯ ‘ಉಡವಣೆ’ಯಿಂದ, ‘ಉಡಾಯಿಸು’ವಿನ ಹಾದಿಯಲ್ಲಿ ಬಂದದ್ದು. ಮಲಯಾಳದಿಂದ ಬಂದುದಕ್ಕೆ ಬಾಗಿಲು ಮುಚ್ಚಿ ಮರಾಠಿಯದಕ್ಕೆ ಮಣೆ ಹಾಕುವುದು ಯಾವ ನ್ಯಾಯ? ‘ಹಾರಿಸು’ ಇರುವಾಗ ಎರಡೂ ಬೇಡ. ‘ಇಳಿತ’ಕ್ಕೂ ನನ್ನ ಒಪ್ಪಿಗೆಯಿಲ್ಲ, ಕಡಲ ಕರೆಯ ಮಕ್ಕಳಿಗೆ ಅದು ಉಬ್ಬರದ ಎದುರುಪದ. ಬೆಂಗಳೂರಿನಲ್ಲಿ ಒಂದು ಪದ ಸಡಿಲವಾದರೆ ಅದನ್ನು ಹಿಡಿದು ನಿಲ್ಲಿಸಲು ನೂರು ಪತ್ರಿಕೆ, ನೂರು ಶಾಲೆಗಳಿವೆ. ಇಲ್ಲಿ ಫಲಕದ ಮೇಲೆ ಬಂದ ಪದವೇ ಆ ಮಗು ಓದುವ ಕನ್ನಡ. ಆದ್ದರಿಂದ ನಾನು ಪಟ್ಟು ಹಿಡಿಯುತ್ತೇನೆ.

ಮಂಜೇಶ್ವರದಿಂದ

ಆ ಕಾಳಜಿ ನನ್ನದೂ ಹೌದು. ಆದರೆ ಪದ ಎಲ್ಲಿಂದ ಬಂತೆಂಬುದು ಇಲ್ಲಿ ಅಳತೆಗೋಲಾಗಲಾರದು. ಕುಂಬಳೆ ಬೆಡಿಯನ್ನು, ಅಂದರೆ ಜಾತ್ರೆಯ ಸಿಡಿಮದ್ದಿನ ಪ್ರದರ್ಶನವನ್ನು, ನೋಡಲು ಪ್ರತಿವರ್ಷ ಸೇರುವವರಲ್ಲಿ ತುಳುವರು, ಮಲಯಾಳಿಗಳು, ಕನ್ನಡಿಗರು ಎಲ್ಲರೂ ಇದ್ದಾರೆ. ಮಲಯಾಳದ ‘ವೆಡಿ’ಗೂ ನಮ್ಮ ‘ಬೆಡಿ’ಗೂ ಇರುವ ನಂಟನ್ನು ವಿಚಾರಿಸಿ ಯಾರೂ ಆ ಪದವನ್ನು ಬಿಟ್ಟಿಲ್ಲ. ‘ಉಡಾವಣೆ’ ಕನ್ನಡದ ಪತ್ರಿಕೆ, ಪಠ್ಯಪುಸ್ತಕಗಳಲ್ಲಿ ನೆಲೆಯಾಗಿದೆ. ‘ವಿಕ್ಷೇಪಣ’ ಹಾಗೆ ನೆಲೆಯಾಗಿಲ್ಲ; ಅದನ್ನು ಉಳಿಸಿಕೊಂಡರೆ ನಮ್ಮ ಮಕ್ಕಳು ಮಂಗಳೂರಿಗೋ ಮೈಸೂರಿಗೋ ಓದಲು ಹೋದಾಗ ಬೇರೆಯದೇ ಪದವನ್ನು ಎದುರಿಸಬೇಕಾಗುತ್ತದೆ. ನನ್ನ ಆಕ್ಷೇಪ ಇಷ್ಟೇ.

‘ಇಳಿತ’ದ ಬಗೆಗಿನ ತಕರಾರು ಒಪ್ಪತಕ್ಕದ್ದು. ಶೀರ್ಷಿಕೆಯಲ್ಲಿ ಒಂಟಿಯಾಗಿ ಬಳಸದೆ, ಸಾಧ್ಯವಾದಷ್ಟು ಕ್ರಿಯಾಪದದಲ್ಲೇ ಹೇಳುವುದು ಮೇಲು. ಜಾಗಕ್ಕೆ ‘ಇಳಿದಾಣ’, ನಿಮ್ಮ ‘ಎರಗುದಾಣ’ದ ಅರ್ಧವನ್ನು ನಾನು ಸಂತೋಷದಿಂದ ಉಳಿಸಿಕೊಂಡಿದ್ದೇನೆ. ‘ಮರುಬಳಕೆ’ ಎಂಬುದು ಪ್ಲಾಸ್ಟಿಕ್ಕಿಗೂ ಅಂಟಿಕೊಂಡಿರುವುದರಿಂದ, ಅದೇ ರಾಕೆಟ್ ಮತ್ತೆ ಮೇಲೇರಿದ್ದನ್ನು ಹೇಳುವಲ್ಲಿ ‘ಮರುಹಾರಾಟ’ ಎಂದು ಬರೆಯಬಹುದು. ಬ್ಲೂ ಒರಿಜಿನ್‌ನ ನ್ಯೂ ಶೆಪರ್ಡ್ ರಾಕೆಟ್ 2015ರ ನವೆಂಬರ್ 23ರಂದು ಇಳಿದು, 2016ರ ಜನವರಿ 22ರಂದು ಅದೇ ಒಡಲಿನಲ್ಲಿ ಮತ್ತೆ ಹಾರಿದ್ದು ಮರುಹಾರಾಟ. ಕಕ್ಷೆಗೆ ಉಪಗ್ರಹ ಒಯ್ಯುವ ಫಾಲ್ಕನ್‌ಗೆ ಅದು ಕೂಡಿಬಂದದ್ದು 2017ರ ಮಾರ್ಚ್ 30ರಂದು. ಹೋಂಡಾ ವಾಕ್ಯವನ್ನು ಹೀಗೆ ಮುಗಿಸಿ: “271.4 ಮೀಟರ್ ನೆಗೆದು, 56.6 ಸೆಕೆಂಡುಗಳ ಹಾರಾಟದ ಬಳಿಕ, ಗುರಿಯಿಂದ 37 ಸೆಂಟಿಮೀಟರ್ ಅಂತರದಲ್ಲಿ ನಿಂತಂತೆಯೇ ಇಳಿಯಿತು.”

ಕುಂಬಳೆಯಿಂದ

ಎಲ್ಲರಿಗೂ ಕೃತಜ್ಞತೆಗಳು. ‘ನಿಂತಂತೆ ಇಳಿಯುವ’, ‘ನೆಗೆತ’, ‘ಇಳಿದಾಣ’, ‘ಪರೀಕ್ಷಾ ಹಾರಾಟ’, ‘ಮರುಹಾರಾಟ’ ಇವನ್ನು ತೆಗೆದುಕೊಂಡಿದ್ದೇವೆ, ‘ಉಡಾವಣೆ’ಯೂ ಇರುತ್ತದೆ. ಗೋಪುರದ ತೋಳುಗಳ ಚಿತ್ರದ ಕೆಳಗೆ ‘ಹಿಡಿದವು’ ಎಂದೇ ಬರೆಯುತ್ತೇವೆ. ‘ಬೂಸ್ಟರ್’ ಎಂಬುದಕ್ಕೆ ಭಾನುವಾರ ರಾತ್ರಿಯೊಳಗೆ ಒಳ್ಳೆಯ ಸೂಚನೆ ಬಂದರೆ ಸೇರಿಸಬಹುದು. ಇಲ್ಲವಾದರೆ ಅದು ‘ಮೊದಲ ಹಂತ’ ಎಂದು ಅಚ್ಚಾಗುತ್ತದೆ.