ಸಹಾಯ ಬೇಕು: ಮರ ಕಡಿದ ಇಳಿಜಾರಿನ ತೋಡಿನ ನೀರು ಅಳೆಯಬೇಕಿದೆ

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಹತ್ತಿರದ ನಮ್ಮ ಕಾಫಿ ತೋಟದ ಮೇಲಿನ ಇಳಿಜಾರಿನಲ್ಲಿ ಕಳೆದ ಬೇಸಿಗೆಯಲ್ಲಿ ಮರಗಳನ್ನು ಒಟ್ಟಿಗೇ ಕಡಿದರು. ಟ್ರ್ಯಾಕ್ಟರಿನಲ್ಲಿ ದಿಮ್ಮಿ ಎಳೆದ ದಾರಿ ಇಟ್ಟಿಗೆಯಂತೆ ಗಟ್ಟಿಯಾಗಿದೆ. ಮಳೆ ಬಂದರೆ ನೀರು ಇಂಗದೆ ಕೆಂಪಾಗಿ ನೇರ ತೋಡಿಗೆ ಇಳಿಯುತ್ತದೆ.

ಮರ ಹೀರುತ್ತಿದ್ದ ನೀರು ಉಳಿಯುವುದರಿಂದ ಮೊದಲ ಕೆಲವು ವರ್ಷ ಹರಿವು ಹೆಚ್ಚುತ್ತದೆ, ತೋಡಿಗೆ ನೀರು ಬರುವ ಪ್ರದೇಶದಲ್ಲಿ ಶೇ 20ಕ್ಕಿಂತ ಕಡಿಮೆ ಭಾಗ ಕಡಿದರೆ ವ್ಯತ್ಯಾಸ ಅಳತೆಗೆ ಸಿಗುವುದೇ ಕಷ್ಟ ಎಂದು ಓದಿದ್ದೇನೆ. ಆದರೆ ಮಳೆನೀರು ಇಂಗದೆ ಹರಿದುಹೋದರೆ ಬೇಸಿಗೆಗೆ ಏನು ಉಳಿದೀತು? ನನ್ನ ಚಿಂತೆಯೆಲ್ಲ ಮಾರ್ಚ್ ತಿಂಗಳದ್ದು. ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆ ತೋಡು ಬತ್ತಿದರೆ ಸ್ಪ್ರಿಂಕ್ಲರ್‌ಗೆ ನೀರೆಲ್ಲಿಂದ ತರಲಿ?

ಹಲಗೆಯಲ್ಲಿ ‘ವಿ’ ಆಕಾರದ ಕಚ್ಚು ಕೊಯ್ದು ತೋಡಿಗೆ ಅಡ್ಡಲಾಗಿ ನಿಲ್ಲಿಸಿ ಹರಿವು ಅಳೆದವರು ಇಲ್ಲಿದ್ದೀರಾ? ಹೋಲಿಕೆಗೆ ಪಕ್ಕದಲ್ಲೇ ಮರ ಕಡಿಯದ ಇನ್ನೊಂದು ತೋಡೂ ಇದೆ. ಹಲಗೆಯ ಅಂಚಿನಿಂದ ನೀರು ಸೋರದಂತೆ ಹೇಗೆ ಕೂರಿಸಿದಿರಿ, ದಯವಿಟ್ಟು ತಿಳಿಸಿ.